ಕಬ್ಬಿಣ ತರಲು ಹೊರಟ ಹುಡುಗ, ಕ್ಯಾಮರಾ ಹಿಡಿದ ಹುಡುಗ

ಬೇಸಿಗೆ ರಜೆ ಹತ್ತಿರವಾದಂತೆ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಮಕ್ಕಳ ಶಿಬಿರದ ಮಾತು ಶುರುವಾಗುತ್ತದೆ. ಹಾಡು, ಚಿತ್ರಕಲೆ, ಆಟ, ಒಂದು ದಿನದ ಪ್ರವಾಸ, ಕೊನೆಯ ದಿನ ಒಂದು ಕಿರುನಾಟಕ. ಕೆಲವು ವರ್ಷಗಳಿಂದ ಇದಕ್ಕೆ ಇನ್ನೊಂದು ಸೇರಿದೆ: ಮೊಬೈಲ್‌ನಲ್ಲಿ ಕಿರುಚಿತ್ರ. ನಾವು ಕಂಡ ಒಂದು ಶಿಬಿರದಲ್ಲಿ ಮಕ್ಕಳು ಬಹಳ ಉತ್ಸಾಹದಿಂದ ಇದಕ್ಕೆ ಹೆಸರು ಕೊಟ್ಟರು. ಆದರೆ ನಡೆದದ್ದೇ ಬೇರೆ. ಕಥೆ ಬರೆದವರು ನಾವು ದೊಡ್ಡವರು. ಮಾತು ಬರೆದವರು ನಾವು. ಕ್ಯಾಮರಾ ಹಿಡಿದವರು ಯುವಕರು. ಮಕ್ಕಳು ಹೇಳಿದಲ್ಲಿ ನಿಂತು, ಹೇಳಿದ್ದನ್ನು ಹೇಳಿ, ತಿಂಡಿ ತಿಂದು ಮನೆಗೆ ಹೋದರು. ಹೋಗುವಾಗ ಆರನೇ ತರಗತಿಯ ಹುಡುಗಿಯೊಬ್ಬಳು, "ಟೀಚರ್, ನಮ್ಮ ಕಥೆ ಯಾವಾಗ ಮಾಡುವುದು?" ಎಂದು ಕೇಳಿದಳು. ಅಲ್ಲಿದ್ದ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಆ ಪ್ರಶ್ನೆಯ ಬೆನ್ನು ಹಿಡಿದು ಹೋದಾಗ ನಮಗೆ ಇಬ್ಬರು ಹುಡುಗರು ಸಿಕ್ಕಿದರು. ಒಬ್ಬನು ನಮ್ಮ ಕಾಲದವನು, ಬೆಂಗಳೂರಿನವನು. ಇನ್ನೊಬ್ಬನು ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯವನು, ನೂರಾರು ವರ್ಷಗಳಿಂದ ಹಾಡುಗಾರರ ಬಾಯಲ್ಲಿ ಬದುಕಿರುವವನು.

ಮೊದಲನೆಯವನ ಹೆಸರು ಕಿಶನ್ ಶ್ರೀಕಾಂತ್. ನಮ್ಮ ಓದುಗರಲ್ಲಿ ಅನೇಕರಿಗೆ ಮಾಸ್ಟರ್ ಕಿಶನ್ ಎಂದರೆ ಬೇಗ ನೆನಪಾಗಬಹುದು. 1996ರಲ್ಲಿ ಹುಟ್ಟಿದ ಈತ ಶಾಲೆಗೆ ಸೇರುವ ಹೊತ್ತಿಗೇ ಸಿನಿಮಾದಲ್ಲಿ ಕಾಣಿಸಿಕೊಂಡವನು. 'ಪಾಪ ಪಾಂಡು' ಧಾರಾವಾಹಿ ನೋಡುತ್ತಿದ್ದ ಮನೆಗಳಲ್ಲಿ ಈ ಹುಡುಗ ಮನೆಮಗನಂತೆ ಪರಿಚಿತ. ಬಾಲನಟರು ನಮ್ಮಲ್ಲಿ ಬೇಕಾದಷ್ಟು ಮಂದಿ ಬಂದು ಹೋಗಿದ್ದಾರೆ. ಹೆಚ್ಚಿನವರನ್ನು ಧ್ವನಿ ಒಡೆಯುವ ವಯಸ್ಸಿಗೆ ಸಿನಿಮಾದವರು ಮರೆತುಬಿಡುತ್ತಾರೆ. ಕಿಶನ್ ಮಾಡಿದ್ದು ಬೇರೆ. ಸಿಗ್ನಲ್‌ನಲ್ಲಿ ಕಾರು ನಿಂತಾಗ ಕಿಟಕಿಯ ಬಳಿ ಬರುವ ಮಕ್ಕಳನ್ನು ನೋಡಿ, ಇವರು ಯಾಕೆ ಶಾಲೆಗೆ ಹೋಗುವುದಿಲ್ಲ ಎಂದು ಮನೆಯಲ್ಲಿ ಕೇಳಿದ. ಆ ಪ್ರಶ್ನೆಯಿಂದ ಒಂದು ಕಥೆ ಹುಟ್ಟಿತು. ಕಥೆ 'ಕೇರ್ ಆಫ್ ಫುಟ್‌ಪಾತ್' ಎಂಬ ಚಲನಚಿತ್ರವಾಯಿತು. ಕೊಳೆಗೇರಿಯ ಅನಾಥ ಹುಡುಗನೊಬ್ಬ ಓದಬೇಕೆಂದು ಹಟ ಹಿಡಿಯುವ ಈ ಚಿತ್ರದಲ್ಲಿ ಮುಖ್ಯ ಪಾತ್ರವೂ ಅವನದೇ, ನಿರ್ದೇಶನವೂ ಅವನದೇ. ಚಿತ್ರೀಕರಣದ ವೇಳೆ ಆತನಿಗೆ ಒಂಬತ್ತು ವರ್ಷ. ಜಾಕಿ ಶ್ರಾಫ್, ಸೌರಭ್ ಶುಕ್ಲಾ, ತಾರಾ ಮೊದಲಾದ ಅನುಭವಿ ಕಲಾವಿದರು ಈ ಪುಟ್ಟ ನಿರ್ದೇಶಕ 'ಆಕ್ಷನ್' ಎಂದಾಗ ನಟಿಸಿದರು. ಚಿತ್ರ 2006ರ ನವೆಂಬರ್‌ನಲ್ಲಿ ತೆರೆಕಂಡಿತು. ಪೂರ್ಣಪ್ರಮಾಣದ ಚಿತ್ರವೊಂದನ್ನು ನಿರ್ದೇಶಿಸಿದ ಅತಿ ಕಿರಿಯ ಎಂದು ಗಿನ್ನಿಸ್ ದಾಖಲೆಯೂ ಬಂತು.

ದಾಖಲೆಯ ಮಾತು ನಮಗೆ ಅಷ್ಟು ಮುಖ್ಯವಲ್ಲ. ಅತಿ ಕಿರಿಯ, ಅತಿ ದೊಡ್ಡ, ಅತಿ ಉದ್ದ ಎಂಬ ಪಟ್ಟಿಗಳಲ್ಲಿ ಮಕ್ಕಳ ಹೆಸರು ಸೇರಿಸಲು ಹೊರಟ ತಂದೆತಾಯಂದಿರನ್ನು ನಾವು ಸಾಕಷ್ಟು ನೋಡಿದ್ದೇವೆ. ಗಮನಿಸಬೇಕಾದದ್ದು ಇದು: ಆ ಪ್ರಶ್ನೆ ಮಗುವಿನದೇ ಆಗಿತ್ತು. ತಾಯಿ ಶೈಲಜಾ ಶ್ರೀಕಾಂತ್ ನಿರ್ಮಾಪಕಿಯಾಗಿ ಹಣದ ಹೊರೆ ಹೊತ್ತರು. ಕುಶಲಿಗಳು ತಮ್ಮ ತಮ್ಮ ಕೆಲಸ ಮಾಡಿದರು. ಆದರೆ ನಿರ್ದೇಶಕನ ಕುರ್ಚಿಯಲ್ಲಿ ಕೂತದ್ದು ಹುಡುಗನೇ. ಅದೇ ಹುಡುಗ ದೊಡ್ಡವನಾಗಿ 2015ರಲ್ಲಿ 'ಕೇರ್ ಆಫ್ ಫುಟ್‌ಪಾತ್ 2' ಮಾಡಿದಾಗಲೂ ಬಾಲಾಪರಾಧಿಗಳ ವಿಷಯವನ್ನೇ ಎತ್ತಿಕೊಂಡ. ಒಂಬತ್ತನೇ ವಯಸ್ಸಿನ ಪ್ರಶ್ನೆ ಹತ್ತೊಂಬತ್ತರಲ್ಲೂ ಅವನನ್ನು ಬಿಟ್ಟಿರಲಿಲ್ಲ.

2006ನೇ ಸಾಲಿನ, ಅಂದರೆ 54ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ 'ಕೇರ್ ಆಫ್ ಫುಟ್‌ಪಾತ್'ಗೆ ಅತ್ಯುತ್ತಮ ಮಕ್ಕಳ ಚಿತ್ರದ ಸ್ವರ್ಣಕಮಲ ಸಿಕ್ಕಿತು. ಅದೇ ಪಟ್ಟಿಯಲ್ಲಿ ನಮ್ಮ ಕರಾವಳಿಗೂ ಒಂದು ಸಂತೋಷವಿತ್ತು. ಅತ್ಯುತ್ತಮ ತುಳು ಚಿತ್ರವೆಂದು ಆನಂದ ಪಿ. ರಾಜು ಅವರ 'ಕೋಟಿ ಚೆನ್ನಯ' ಆಯ್ಕೆಯಾಗಿತ್ತು. ಪಾಡ್ದನಗಳಲ್ಲಿ ಕೇಳಿದ, ಗರಡಿಗಳಲ್ಲಿ ಕಂಡ ಅವಳಿ ವೀರರ ಕಥೆ ಪರದೆಗೆ ಬಂದು ದೆಹಲಿಯವರೆಗೆ ಹೋಯಿತು. ಒಂದು ಕಡೆ ಮಗು ತಾನೇ ಹೇಳಿದ ಇಂದಿನ ಕಥೆ, ಇನ್ನೊಂದು ಕಡೆ ಊರಿನ ಅಜ್ಜಿಯರು ಕಾಪಾಡಿದ ಹಳೆಯ ಕಥೆ. ಇವೆರಡನ್ನು ಕೂಡಿಸುವ ದಾರಿ ಇಲ್ಲವೇ ಎಂಬ ಯೋಚನೆಯೇ ನಮ್ಮನ್ನು ಎರಡನೆಯ ಹುಡುಗನ ಬಳಿಗೆ ಕರೆದೊಯ್ದದ್ದು.

ತುಳುನಾಡಿಗೆ ಕೋಟಿ ಚೆನ್ನಯರು ಇದ್ದ ಹಾಗೆ ಮಂಡ್ಯ, ಮದ್ದೂರು, ಮಳವಳ್ಳಿ, ಕೊಳ್ಳೇಗಾಲ ಸೀಮೆಗೆ ಮಂಟೇಸ್ವಾಮಿ ಮತ್ತು ಅವರ ಶಿಶುಮಗ ಸಿದ್ದಪ್ಪಾಜಿ. ಘಟ್ಟದ ಮೇಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ನಮ್ಮ ಕರಾವಳಿಯ ಓದುಗರಿಗೆ ಈ ಕಥೆ ಹೊಸತಾಗಿರಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಮದ್ದೂರು ದಾಟಿದ ಮೇಲೆ ನಿಡಘಟ್ಟ ಎಂಬ ಊರು ಸಿಗುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹತ್ತು ಪಥದ ಹೆದ್ದಾರಿಯ ಎರಡು ಹಂತಗಳು ಕೂಡುವುದು ಇಲ್ಲಿಯೇ. ಹೀಗಾಗಿ ಪತ್ರಿಕೆಗಳಲ್ಲಿ ಈ ಊರಿನ ಹೆಸರು ಬಹಳ ಸಲ ಬಂದಿದೆ. ಹೆದ್ದಾರಿ ಬರುವ ಎಷ್ಟೋ ಕಾಲ ಮೊದಲೇ ನೀಲಗಾರರ ಹಾಡಿನಿಂದ ಈ ಊರು ಪ್ರಸಿದ್ಧ. ಕಥೆಯಲ್ಲಿ ಇದು ಪಾಂಚಾಳರ ಊರು, ಮುದ್ದಮ್ಮನ ಮಗ ಕೆಂಪಾಚಾರಿಯ ಹುಟ್ಟೂರು. ಮನೆ ಅನುಕೂಲಸ್ಥರದು. ಹುಡುಗ ಮುದ್ದಿನವನು. ಅಂಥ ಮನೆಯ ಬಾಗಿಲಿಗೆ ಹರಕು ಬಟ್ಟೆಯ ಮಂಟೇಸ್ವಾಮಿ ಬಂದು, ಅಕ್ಕಿ ಬೇಡ, ರಾಗಿ ಬೇಡ, ನಿಮ್ಮ ಮಗನನ್ನು ಕೊಡಿ ಎನ್ನುತ್ತಾರೆ.

ಯಾವ ತಾಯಿ ಕೊಡುತ್ತಾಳೆ? ಮುದ್ದಮ್ಮ ಕೊಡುವುದಿಲ್ಲ. ಕೇಳಿದವರು ಕಲ್ಯಾಣದ ಶರಣರನ್ನೇ ಪರೀಕ್ಷೆಗೆ ಒಡ್ಡಿ ಬಂದ ಮಹಿಮಾವಂತರು ಎಂಬುದು ಹಾಡು ಕೇಳುವ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮುಂದೆ ಆ ಮನೆಗೂ ಹುಡುಗನಿಗೂ ಕಷ್ಟದ ಮೇಲೆ ಕಷ್ಟ ಬರುತ್ತದೆ. ಈ ಭಾಗವನ್ನು ಒಬ್ಬೊಬ್ಬ ಹಾಡುಗಾರ ಒಂದೊಂದು ರೀತಿ ಹಾಡುತ್ತಾನೆ. ಕೊನೆಗೆ ಕೆಂಪಾಚಾರಿ ಮನೆ, ಕುಲ, ಹೆಸರು ಎಲ್ಲವನ್ನೂ ಬಿಟ್ಟು ಗುರುವಿನ ಹಿಂದೆ ನಡೆಯುತ್ತಾನೆ. ಅವನೇ ಸಿದ್ದಪ್ಪಾಜಿ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಗುರು ನೆಲೆ ನಿಲ್ಲಬೇಕಾಗಿದೆ. ಅದರ ಕೆಲಸಕ್ಕೆ ಕಬ್ಬಿಣ ಬೇಕು. ಕಬ್ಬಿಣ ಇರುವುದು ಹಲಗೂರಿನಲ್ಲಿ. ಕನಕಪುರದಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಇಂದಿಗೂ ಇರುವ ಅದೇ ಹಲಗೂರು. ಕಥೆಯಲ್ಲಿ ಅದು ಕುಲುಮೆಗಳ ಪಟ್ಟಣ, ಪಾಂಚಾಳರ ದೊಡ್ಡ ನೆಲೆ. ಹೋಗಿ ಕಬ್ಬಿಣದ ಭಿಕ್ಷೆ ಬೇಡಿ ತಾ ಎಂದು ಗುರು ಸಿದ್ದಪ್ಪಾಜಿಯನ್ನೇ ಕಳುಹಿಸುತ್ತಾರೆ. ಕೈಯಲ್ಲಿ ಕಂಡಾಯ ಮತ್ತು ನಾಗಬೆತ್ತ, ಹೆಗಲಲ್ಲಿ ಜೋಳಿಗೆ. ಅಷ್ಟೇ ಸಾಮಗ್ರಿ.

ಇಲ್ಲಿಂದ ಮುಂದಿನದ್ದು ಯಾವ ದೇಶದ ಸಾಹಸಕಥೆಗೂ ಕಡಿಮೆಯಲ್ಲ. ಹಲಗೂರಿನವರು ಕಬ್ಬಿಣವೇ ಇಲ್ಲ ಎಂದು ಸುಳ್ಳು ಹೇಳುತ್ತಾರೆ. ತಮ್ಮ ಕುಲದಲ್ಲಿ ಹುಟ್ಟಿ ಜೋಳಿಗೆ ಹಿಡಿದು ಬಂದವನನ್ನು ಹೀಯಾಳಿಸುತ್ತಾರೆ. ನೀನು ನಿಜವಾದ ಗುರುವಿನ ಮಗನಾದರೆ ಪವಾಡ ತೋರಿಸು ಎಂದು ಸವಾಲು ಹಾಕುತ್ತಾರೆ. ವಿಷ, ಬೆಂಕಿ, ಕಾದ ಕಬ್ಬಿಣ – ಪವಾಡಗಳ ಲೆಕ್ಕ ಹಾಡುಗಾರರಿಂದ ಹಾಡುಗಾರರಿಗೆ ಬದಲಾಗುತ್ತದೆ. ಹುಡುಗ ಎಲ್ಲವನ್ನೂ ಗೆದ್ದು ಬರುತ್ತಾನೆ. ಮಾತಿಗೆ ತಪ್ಪಿದ ಹಲಗೂರು ಉರಿದು ಹೋಗುತ್ತದೆ. ಕಬ್ಬಿಣ ಗುರುವಿನ ಬಳಿಗೆ ತಲುಪುತ್ತದೆ. ಮುಂದೆ ಸಿದ್ದಪ್ಪಾಜಿ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಗದ್ದುಗೆಯಾಗುತ್ತಾರೆ.

ನಿಡಘಟ್ಟ, ಬೊಪ್ಪೇಗೌಡನಪುರ, ಹಲಗೂರು. ಬಸ್ಸು ಹತ್ತಿದರೆ ಒಂದೇ ದಿನದಲ್ಲಿ ಮೂರನ್ನೂ ನೋಡಿ ಬರಬಹುದು. ವಿದೇಶದ ಚಿತ್ರಗಳಲ್ಲಿ ಹುಡುಗನೊಬ್ಬ ಮಾಯಾದೇಶಕ್ಕೆ ಹೋಗಿ ಮಂತ್ರದ ಖಡ್ಗವನ್ನೋ ಉಂಗುರವನ್ನೋ ತರುವುದನ್ನು ನಮ್ಮ ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಇಲ್ಲಿ ಹುಡುಗ ತರಲು ಹೊರಟದ್ದು ಗುದ್ದಲಿ ಹಾರೆಗೆ ಬೇಕಾದ ಕಬ್ಬಿಣ. ಮಾಯಾದೇಶವೆಂದರೆ ಪಕ್ಕದ ತಾಲ್ಲೂಕು. ನಮಗೆ ಈ ಕಥೆಯಲ್ಲಿ ಅತ್ಯಂತ ಹಿಡಿಸಿದ್ದು ಇದೇ.

ಇದನ್ನು ಕಾಪಾಡಿಕೊಂಡು ಬಂದವರು ನೀಲಗಾರರು. ಇವರು ಮಂಟೇಸ್ವಾಮಿ ಪರಂಪರೆಯಲ್ಲಿ ದೀಕ್ಷೆ ಪಡೆದ ಹಾಡುಗಾರರು. ತಂಬೂರಿ ಮೀಟುತ್ತಾ, ಗಗ್ಗರ ಮತ್ತು ತಾಳದ ಜೊತೆಗೆ ಇಡೀ ರಾತ್ರಿ ಹಾಡುತ್ತಾರೆ. ಕಥೆಯ ಒಂದೊಂದು ಭಾಗವನ್ನು 'ಸಾಲು' ಎನ್ನುತ್ತಾರೆ. ಎಲ್ಲ ಸಾಲುಗಳನ್ನೂ ಹಾಡಿ ಮುಗಿಸಲು ಒಂದು ರಾತ್ರಿ ಸಾಲದು. ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ಇಂಥ ಹಾಡುಗಾರರ ಮುಂದೆ ಕೂತು ಬರೆದುಕೊಂಡು ಈ ಸಾಹಿತ್ಯವನ್ನು ಓದುವವರಿಗೂ ತಲುಪಿಸಿದರು. ನಾಟಕಕಾರ ಎಚ್.ಎಸ್. ಶಿವಪ್ರಕಾಶ್ ಅವರ 'ಮಂಟೇಸ್ವಾಮಿ ಕಥಾಪ್ರಸಂಗ' ಇದನ್ನು ಆಧುನಿಕ ರಂಗಭೂಮಿಗೆ ತಂದಿತು. ಜನಸಾಮಾನ್ಯರ ಮನೆಗೆ ತಂದದ್ದು ಮಾತ್ರ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು. ಟೇಪ್‌ರೆಕಾರ್ಡರ್ ಕಾಲದಲ್ಲಿ ಆ ಸೀಮೆಯ ಹೋಟೆಲು, ಬಸ್ಸು, ಜಾತ್ರೆ ಎಲ್ಲಿ ಹೋದರೂ ಅವರ ಕಂಠ ಕೇಳಿಸುತ್ತಿತ್ತು.

ಜನವರಿ ಸುಮಾರಿಗೆ ಬರುವ ಬನದ ಹುಣ್ಣಿಮೆಯಂದು ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲೋತ್ಸವದೊಂದಿಗೆ ಐದು ದಿನದ ಜಾತ್ರೆ ಶುರುವಾಗುತ್ತದೆ. ಜಾತ್ರೆಯ ಪಂಕ್ತಿಸೇವೆಯಲ್ಲಿ ನಾನಾ ಜಾತಿಯ ಒಕ್ಕಲುಗಳು ಒಂದೇ ಬಯಲಲ್ಲಿ ಒಲೆ ಹೂಡಿ, ಅಡುಗೆ ಮಾಡಿ, ಹಂಚಿಕೊಂಡು ಉಣ್ಣುತ್ತಾರೆ. ಆದ್ದರಿಂದ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ನಾವು 'ಸಾಹಸಕಥೆ' ಎಂದಾಗ ಅದು ಸಾವಿರಾರು ಮನೆಗಳ ನಂಬಿಕೆ ಎಂಬುದನ್ನು ಮರೆತು ಹೇಳುತ್ತಿಲ್ಲ. ನೆರೆಮನೆಯವರ ದೇವರ ಕಥೆಯನ್ನು ಕೇಳುವಾಗ ಇರಬೇಕಾದ ಮರ್ಯಾದೆ ಇಲ್ಲಿಯೂ ಇರಬೇಕು. ಪಾಂಚಾಳರ ವಿಷಯದಲ್ಲೂ ಹಾಗೆಯೇ. ಕಬ್ಬಿಣ, ಮರ, ಕಲ್ಲು, ಕಂಚು, ಚಿನ್ನದ ಕೆಲಸ ಮಾಡುವ ಆ ಜನರನ್ನು ಖಳರಂತೆ ಮಕ್ಕಳ ಮುಂದೆ ನಿಲ್ಲಿಸಿದರೆ ಕಥೆಗೇ ಅನ್ಯಾಯ. ಏಕೆಂದರೆ ಕಥೆಯ ನಾಯಕನೂ ಅದೇ ಕುಲದಲ್ಲಿ ಹುಟ್ಟಿದವನು.

ಈಗ ಆ ಹುಡುಗಿಯ ಪ್ರಶ್ನೆಗೆ ಮರಳೋಣ. ಕೆಂಪಾಚಾರಿಯ ಕಥೆಯಲ್ಲಿ ದೊಡ್ಡವರು ಬಹಳ ಮಂದಿ ಇದ್ದಾರೆ. ತಾಯಿ ಪ್ರೀತಿಯಿಂದ ಬಿಡುವುದಿಲ್ಲ. ಗುರು ಬಿಡದೆ ಕರೆಯುತ್ತಾರೆ. ಊರಿನ ಹಿರಿಯರು ನಂಬದೆ ಪರೀಕ್ಷಿಸುತ್ತಾರೆ. ಹುಡುಗನನ್ನು ಕೂರಿಸಿ, ಮಗಾ, ನಿನಗೇನು ಬೇಕು ಎಂದು ಕೇಳುವವರು ಕಡಿಮೆ. ಹಾಡುಗಾರರು ಬಹುಶಃ ಇದನ್ನು ಬೇಕೆಂದೇ ಹಾಗೆ ಉಳಿಸಿಕೊಂಡಿದ್ದಾರೆ ಎಂದು ನಮಗೆ ಅನ್ನಿಸುತ್ತದೆ. ಕೇಳುವವರ ಎದೆ ಅಲ್ಲಿಯೇ ಅಲ್ಲವೇ ಕಲಕುವುದು? ಕಿಶನ್‌ನ ಕಥೆಯಲ್ಲಿ ಇದು ತಿರುಗುಮುರುಗು. ಹುಡುಗ ಮೊದಲು ಕೇಳಿದ, ದೊಡ್ಡವರು ಅವನ ಬೆನ್ನಿಗೆ ನಿಂತರು.

ನಡುವೆ ಇನ್ನೊಂದು ಉದಾಹರಣೆಯೂ ನೆನಪಾಗುತ್ತದೆ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ 'ಬೆಟ್ಟದ ಹೂವು' 1985ರಲ್ಲಿ ಬಂತು. ಬಡ ಹುಡುಗ ರಾಮು ಬೆಟ್ಟ ಹತ್ತಿ ಅಪರೂಪದ ಹೂವು ಹುಡುಕುತ್ತಾನೆ. ಸಿಕ್ಕ ಹಣದಲ್ಲಿ ರಾಮಾಯಣದ ಪುಸ್ತಕ ಕೊಳ್ಳಬೇಕೆಂಬುದು ಅವನ ಆಸೆ. ಕೊನೆಗೆ ಪುಸ್ತಕ ಬಿಟ್ಟು ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಯಾರೂ ಹಾಗೆ ಮಾಡೆಂದು ಅವನಿಗೆ ಬೋಧಿಸುವುದಿಲ್ಲ, ನಿರ್ಧಾರ ಅವನದೇ. ಆ ಪಾತ್ರಕ್ಕೆ ಪುನೀತ್ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಮುಂದೆ ಅವರೂ ಚಿತ್ರ ನಿರ್ಮಾಪಕರಾಗಿ ಹೊಸಬರಿಗೆ ಅವಕಾಶ ಕೊಟ್ಟರು. 2021ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ಕನ್ನಡಿಗರು ನೆನೆದ ಮುಖಗಳಲ್ಲಿ ಆ ಪುಟ್ಟ ರಾಮುವಿನ ಮುಖವೂ ಒಂದು.

ಊರಿನವರೇ ತಮ್ಮ ಕಥೆಯನ್ನು ಸಿನಿಮಾ ಮಾಡಬಹುದೇ ಎಂಬ ಸಂಶಯಕ್ಕೆ ಮಂಡ್ಯವೇ ಉತ್ತರ ಕೊಟ್ಟಿದೆ. ರಾಮ್ ರೆಡ್ಡಿ ನಿರ್ದೇಶನದ, ಈರೇಗೌಡರು ಬರವಣಿಗೆಯಲ್ಲಿ ಜೊತೆಯಾದ 'ತಿಥಿ' ಚಿತ್ರದಲ್ಲಿ ನಟಿಸಿದವರು ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ. ಮೊದಲು ಎಂದೂ ಕ್ಯಾಮರಾ ಎದುರಿಸದವರು. ಆ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಅವರು ಮಾತನಾಡಿದ್ದು ಮಂಡ್ಯದ ಕನ್ನಡವನ್ನೇ, ಪುಸ್ತಕದ ಕನ್ನಡವನ್ನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಮಗುವಿನ ಪ್ರತಿಭೆ ಎಂಬ ಹೆಸರಿನಲ್ಲಿ ಮಗುವನ್ನೇ ದುಡಿಸಿಕೊಳ್ಳುವುದು ಸುಲಭ. ಕಿಶನ್ ಚಿತ್ರ ಮಾಡಿದ ಕಾಲಕ್ಕೆ ಬಾಲಕಲಾವಿದರ ಬಗ್ಗೆ ಈಗಿನಷ್ಟು ಸ್ಪಷ್ಟ ನಿಯಮಗಳಿರಲಿಲ್ಲ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂತು. ಹದಿನಾಲ್ಕು ವರ್ಷದೊಳಗಿನವರನ್ನು ಯಾವುದೇ ಕೆಲಸಕ್ಕೆ ಹಚ್ಚುವುದು ನಿಷಿದ್ಧ. ಮನೆಯವರ ಕಸುಬಿನಲ್ಲಿ ಶಾಲೆಯ ಸಮಯ ಬಿಟ್ಟು ನೆರವಾಗುವುದಕ್ಕೂ ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದರಾಗುವುದಕ್ಕೂ ಮಾತ್ರ ಷರತ್ತಿನ ಮೇಲೆ ಅವಕಾಶವಿದೆ. 2017ರ ನಿಯಮಗಳ ಪ್ರಕಾರ ಬಾಲಕಲಾವಿದರಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. ವಿಶ್ರಾಂತಿ ಇಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊತ್ತ ವ್ಯಕ್ತಿ ಇರಬೇಕು. ಚಿತ್ರೀಕರಣಕ್ಕೆ ಜಿಲ್ಲಾ ದಂಡಾಧಿಕಾರಿಯವರ ಅನುಮತಿಯೂ ಬೇಕು.

ನಮ್ಮ ಶಿಬಿರದ ಕಿರುಚಿತ್ರ ವ್ಯಾಪಾರವಲ್ಲ, ಅದಕ್ಕೆ ಈ ಕಾನೂನು ಹೀಗೆಯೇ ಅನ್ವಯಿಸುವುದಿಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಐದು ಗಂಟೆಯ ಲೆಕ್ಕವೂ ಐದು ಮಕ್ಕಳಿಗೊಬ್ಬ ದೊಡ್ಡವರು ಎಂಬ ಲೆಕ್ಕವೂ ಶಿಬಿರಕ್ಕೆ ಚೆನ್ನಾಗಿ ಹೊಂದುತ್ತವೆ. ಚಿತ್ರವನ್ನು ವಾಟ್ಸಾಪ್‌ನಲ್ಲಿ ಹರಿಬಿಡುವ ಮುನ್ನ ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ಇರಲಿ. ಮಗುವನ್ನೂ ಕೇಳೋಣ. ತನ್ನ ಮುಖ ಎಲ್ಲರೂ ನೋಡುವುದು ಬೇಡ ಎನ್ನುವ ಮಗುವಿಗೆ ಕ್ಯಾಮರಾದ ಹಿಂದೆ ಬೇಕಾದಷ್ಟು ಕೆಲಸವಿದೆ.

ಹೀಗೆ ಯೋಚಿಸಿ ಈ ಬಾರಿ ನಾವು ಕ್ರಮ ಬದಲಾಯಿಸಲು ನಿರ್ಧರಿಸಿದ್ದೇವೆ. ಶಿಬಿರದ ಮೊದಲ ದಿನ ನಿಡಘಟ್ಟದ ಹುಡುಗನ ಕಥೆಯನ್ನು ಹಲಗೂರಿನ ಊರಬಾಗಿಲಿನವರೆಗೆ ಮಾತ್ರ ಹೇಳಿ ನಿಲ್ಲಿಸುತ್ತೇವೆ. ಅದು ಚಿಕ್ಕಲ್ಲೂರಿನ ಒಕ್ಕಲುಗಳು ನಂಬಿ ನಡೆದ ಕಥೆ, ಅದನ್ನು ಬದಲಿಸುವುದು ನಮ್ಮ ಕೆಲಸವಲ್ಲ ಎಂದೂ ಹೇಳುತ್ತೇವೆ. ಆಮೇಲೆ ಮಕ್ಕಳು ತಮ್ಮ ಊರಿನ ಕಥೆ ಕಟ್ಟಬೇಕು: ತಾವು ಯಾರಿಗಾಗಿ ಏನನ್ನು ತರಲು ಹೊರಡುತ್ತಾರೆ, ದಾರಿಯಲ್ಲಿ ಯಾರು ತಡೆಯುತ್ತಾರೆ, ತಡೆದವರಿಗೆ ಏನು ಹೇಳುತ್ತಾರೆ. ಮೀನುಗಾರರ ಮನೆಯ ಮಗು ಕಬ್ಬಿಣದ ಬದಲು ಬಲೆ ತರಲು ಹೋಗಬಹುದು. ಬರೆಯುವವರು, ಚಿತ್ರೀಕರಿಸುವವರು, ಕತ್ತರಿಸಿ ಜೋಡಿಸುವವರು ಅವರೇ. ಯುವಕರು ಮೊಬೈಲ್ ಚಾರ್ಜ್ ಮಾಡಿ ಕೊಡಬೇಕು, ಬಿಸಿಲಿಗೆ ನೀರು ಕೊಡಬೇಕು, ರಸ್ತೆ ದಾಟುವಾಗ ಜೊತೆಗಿರಬೇಕು. ಸಂಭಾಷಣೆ ತಿದ್ದುವ ಅಧಿಕಾರ ಅವರಿಗಿಲ್ಲ. ವ್ಯಾಕರಣ ತಪ್ಪಿದರೂ ಇಲ್ಲ. ಈ ಮಾತಿಗೆ ನಮ್ಮ ಸಿದ್ಧತಾ ಸಭೆಯಲ್ಲಿ ಸ್ವಲ್ಪ ಗೊಣಗಾಟ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆರನೇ ತರಗತಿಯಲ್ಲಿದ್ದ ಆ ಹುಡುಗಿ ಈಗ ಏಳನೇ ತರಗತಿ ಮುಗಿಸಿದ್ದಾಳೆ. ನಿರ್ದೇಶಕರ ಪಟ್ಟಿಯಲ್ಲಿ ಮೊದಲು ಹೆಸರು ಬರೆಸಿದವಳು ಅವಳೇ.